ಎರಡು ದಿನಕ್ಕೆ ಯಾವ ಸಂಬಳ?

ಸಂಬಳ ಕೊಡಲು ದುಡ್ಡಿಲ್ಲ ಅಂದರೆ ಸರ್ಕಾರಗಳು ಏನು ಮಾಡುತ್ತವೆ? ಸಾಲ ತರುತ್ತವೆ, ತೆರಿಗೆ ಏರಿಸುತ್ತವೆ, ಇಲ್ಲವೇ ಮುಂದಿನ ತಿಂಗಳು ನೋಡೋಣ ಅನ್ನುತ್ತವೆ. ಜಪಾನಿನ ಮೇಜಿ ಚಕ್ರವರ್ತಿಯ ಸರ್ಕಾರ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ತಿಂಗಳನ್ನೇ ತೆಗೆದುಹಾಕಿತು.

1872ರ ಮಾತು. ಅಲ್ಲಿಯವರೆಗೆ ಅವರದೂ ನಮ್ಮ ಪಂಚಾಂಗದ ಹಾಗೆ ಚಂದ್ರನ ಲೆಕ್ಕ. ಎರಡು ಮೂರು ವರ್ಷಕ್ಕೊಂದು ಅಧಿಕ ಮಾಸ. ಮರುವರ್ಷ ಅಧಿಕ ಮಾಸ ಬರುವುದಿತ್ತು. ನೌಕರರಿಗೆ ಆಗಷ್ಟೇ ತಿಂಗಳ ಸಂಬಳದ ಪದ್ಧತಿ ಶುರುವಾಗಿತ್ತು. ಅಂದರೆ ಹದಿಮೂರು ತಿಂಗಳು, ಹದಿಮೂರು ಸಂಬಳ! ನಮ್ಮಲ್ಲಿ ಅಧಿಕ ಮಾಸ ಬಂದರೆ ಅಳಿಯನಿಗೆ ಏನೇನು ಕೊಡಬೇಕಪ್ಪಾ ಅಂತ ಮಾವ ಲೆಕ್ಕ ಹಾಕುತ್ತಾನೆ. ಅಲ್ಲಿ ಖಜಾನೆಯೇ ತಲೆ ಮೇಲೆ ಕೈ ಹೊತ್ತು ಕೂತಿತ್ತು.

ಹನ್ನೊಂದನೇ ತಿಂಗಳ 9ಕ್ಕೆ ಆಜ್ಞೆ ಬಂತು. ಇನ್ನು ಮೇಲೆ ಪಶ್ಚಿಮದವರ ಸೂರ್ಯನ ಲೆಕ್ಕವೇ ನಮಗೂ. ಹನ್ನೆರಡನೇ ತಿಂಗಳ 3ನೇ ದಿನವೇ 1873ರ ಜನವರಿ 1. ಹೀಗೆ ಆ ಕೊನೆಯ ತಿಂಗಳು ಎರಡೇ ದಿನಕ್ಕೆ ಮುಗಿಯಿತು. ಅಧಿಕ ಮಾಸ ಹುಟ್ಟುವ ಮುಂಚೆಯೇ ತೀರಿಕೊಂಡಿತು. ಎರಡು ಸಂಬಳ ಉಳಿಯಿತು. ಇದು ವಿರೋಧಿಗಳ ಕಟ್ಟುಕತೆಯಲ್ಲ. ಆಗ ಸರ್ಕಾರ ನಡೆಸುತ್ತಿದ್ದವರಲ್ಲಿ ಒಬ್ಬರಾದ ಒಕುಮಾ ಶಿಗೆನೊಬು ಮುಂದೆ ತಾವೇ ಹೇಳಿಕೊಂಡಿದ್ದು.

ಸುಮ್ನೆ ಟೋಕಿಯೋದ ಒಬ್ಬ ಗುಮಾಸ್ತನ ಮನೆಯೊಳಗೆ ಇಣುಕಿ ನೋಡೋಣ.

"ಏನ್ರೀ, ಈ ತಿಂಗಳ ಸಂಬಳ?"

"ಈ ತಿಂಗಳು ಮುಗೀತು ಕಣೇ."

"ಮೊನ್ನೆ ತಾನೇ ಶುರುವಾಯ್ತಲ್ರೀ?"

"ಎರಡು ದಿನಕ್ಕೆ ಯಾವ ಸಂಬಳ ಅಂದ್ರು."

"ಹೋಗ್ಲಿ, ಬರೋ ವರ್ಷ ಅಧಿಕ ಮಾಸದ್ದು ಬರುತ್ತಲ್ಲ?"

"ನಾಗರಿಕರಿಗೆ ಅಧಿಕ ಮಾಸ ಇಲ್ವಂತೆ."

ಅಷ್ಟರಲ್ಲಿ ಅಕ್ಕಿ ಅಂಗಡಿಯವನು ಬಾಗಿಲಿಗೆ ಬಂದ. ವರ್ಷದ ಕೊನೆಗೆ ಬಾಕಿ ಚುಕ್ತಾ ಮಾಡುವುದು ಅಲ್ಲಿನ ವಾಡಿಕೆ. ವರ್ಷದ ಕೊನೆ ನಾಲ್ಕು ವಾರ ಮುಂಚೆಯೇ ಬಂದುಬಿಟ್ಟಿದೆ. ಸಂಬಳಕ್ಕೆ ಇಲ್ಲದ ತಿಂಗಳು ಸಾಲಕ್ಕೆ ಮಾತ್ರ ಇತ್ತು, ನೋಡಿ.

ಅವರಲ್ಲೊಂದು ಹಳೇ ಮಾತಿತ್ತು. ವೇಶ್ಯೆಯ ನಿಯತ್ತೂ ಚೌಕಾಕಾರದ ಮೊಟ್ಟೆಯೂ ಇದ್ದರೆ ತಿಂಗಳ ಕೊನೆಯ ರಾತ್ರಿ ಚಂದ್ರ ಹುಟ್ಟುತ್ತಾನೆ ಅಂತ. ತಿಂಗಳ ಕೊನೆ ಅಂದರೆ ಚಂದ್ರ ಕಾಣದ ಕತ್ತಲೆ, ಹಾಗಾಗಿ ಅದು ಆಗದ ಮಾತು. ಹೊಸ ಕ್ಯಾಲೆಂಡರಿನಲ್ಲಿ 31ನೇ ತಾರೀಖೂ ಬೆಳದಿಂಗಳು ಬರಬಹುದು. ಚೌಕ ಮೊಟ್ಟೆಯನ್ನು ಮಾತ್ರ ಸರ್ಕಾರ ಇನ್ನೂ ಕೊಟ್ಟಿರಲಿಲ್ಲ.

ಕ್ಯಾಲೆಂಡರಿಗಿಂತ ಮುಂಚೆ ತಲೆಯ ಸರದಿ ಬಂದಿತ್ತು. 1871ರಲ್ಲಿ ಗಂಡಸರು ಜುಟ್ಟು ತೆಗೆಯಬಹುದು ಎಂದು ಆದೇಶವಾಯಿತು. ಜುಟ್ಟು ಕತ್ತರಿಸಿದ ತಲೆಯನ್ನು ತಟ್ಟಿ ನೋಡಿ, ನಾಗರಿಕತೆಯ ಸದ್ದು ಬರುತ್ತದೆ ಅಂತ ಒಂದು ಪದವೂ ಊರೆಲ್ಲ ಓಡಾಡಿತು. ಇದನ್ನು ಕೇಳಿ ಕೆಲವು ಹೆಂಗಸರೂ ಕೂದಲು ಕತ್ತರಿಸಿಕೊಂಡರು. ತಕ್ಷಣ ಸರ್ಕಾರಕ್ಕೆ ಸಂಸ್ಕೃತಿ ನೆನಪಾಯಿತು. ಹೆಂಗಸರು 'ಕಾರಣವಿಲ್ಲದೆ' ಕೂದಲು ಕತ್ತರಿಸಿಕೊಳ್ಳುವುದು ತಪ್ಪು ಅಂತ 1872ರ ಟೋಕಿಯೋ ನಿಯಮದಲ್ಲಿ ಸೇರಿಸಿದರು. ಗಂಡಸಿನ ತಲೆ ಕಾರಣ ಕೊಡಬೇಕಿಲ್ಲ. ಅದು ಹೇಗೂ ಸದ್ದು ಮಾಡುತ್ತದಲ್ಲ.

ಅದೇ ನಿಯಮದಲ್ಲಿ ಇನ್ನೂ ಬೇಕಾದಷ್ಟಿತ್ತು. ಮೈಮೇಲೆ ಬಟ್ಟೆ ಇಲ್ಲದೆ ಬೀದಿಗೆ ಬರಬಾರದು. ಗಂಡಸರು ಹೆಂಗಸರು ಒಂದೇ ಸ್ನಾನದ ಮನೆಯಲ್ಲಿ ಮೀಯಬಾರದು. ಹಚ್ಚೆ ಹಾಕಬಾರದು. ಕಂಡಕಂಡಲ್ಲಿ ಮೂತ್ರ ಮಾಡಬಾರದು. (ಈ ಕೊನೆಯದರ ಬಗ್ಗೆ ನಾನೇನೂ ತಮಾಷೆ ಮಾಡಲಾರೆ.) ತಪ್ಪಿದರೆ ದಂಡ. ದೊಡ್ಡ ತಪ್ಪಿಗೆ ದಂಡ ಕಟ್ಟಲು ಗತಿ ಇಲ್ಲದವನಿಗೆ ಛಡಿ ಏಟು. ಅಜ್ಜನ ಕಾಲದಿಂದ ಲಂಗೋಟಿಯಲ್ಲೇ ಹೊರೆ ಹೊತ್ತವನಿಗೆ ಮರ್ಯಾದೆ ಅಂದರೇನು ಅಂತ ಗೊತ್ತಾಗಿದ್ದು ಹೀಗೆ, ಬೆನ್ನ ಮೇಲೆ.

ಇಷ್ಟೆಲ್ಲ ಯಾರಿಗಾಗಿ? ಹೆಣ್ಣು ನೋಡಲು ಬರುವವರಿಗಾಗಿ. 1858ರಲ್ಲಿ ಐದು ದೇಶಗಳು ಹಡಗು ತೋರಿಸಿ ಒಪ್ಪಂದ ಮಾಡಿಸಿಕೊಂಡಿದ್ದವು. ಜಪಾನಿನಲ್ಲಿ ಬಿಳಿಯ ತಪ್ಪು ಮಾಡಿದರೆ ಅವನ ದೇಶದ ಪ್ರತಿನಿಧಿಯಾದ ಕಾನ್ಸಲನೇ ವಿಚಾರಣೆ ಮಾಡುತ್ತಾನೆ. ಆಮದು ಸುಂಕ ಎಷ್ಟು ಅಂತಲೂ ಜಪಾನ್ ಒಂದೇ ತೀರ್ಮಾನಿಸುವಂತಿಲ್ಲ. ಬದಲಾಯಿಸಿ ಅಂದರೆ, ಮೊದಲು ನಾಗರಿಕರಾಗಿ ಅನ್ನುತ್ತಿದ್ದರು.

ವಿದೇಶಾಂಗ ಮಂತ್ರಿ ಇನೊವೆ ಕವೋರು ಇದಕ್ಕೊಂದು ಉಪಾಯ ಕಂಡುಹಿಡಿದರು. ಕುಣಿಯೋಣ ಅಂದರು.

1883ರಲ್ಲಿ ಟೋಕಿಯೋದಲ್ಲಿ ರೊಕುಮೆಕಾನ್ ಎಂಬ ಕುಣಿತದ ಮನೆ ಎದ್ದು ನಿಂತಿತು. ಎರಡು ಅಂತಸ್ತಿನ ಕಟ್ಟಡ, ನಕ್ಷೆ ಇಂಗ್ಲೆಂಡಿನ ಜೊಸಾಯ ಕೊಂಡರ್ ಅವರದು, ಖರ್ಚು 1,80,000 ಯೆನ್. ಸಂಬಳ ಉಳಿಸಲು ತಿಂಗಳನ್ನೇ ಹಿಂಡಿದ ಸರ್ಕಾರ ಇದೇ, ಮರೀಬೇಡಿ. ನೆಲದ ಮೇಲೆ ಮಂಡಿಯೂರಿ ಕೂತು ಬೆಳೆದ ಹೆಂಗಸರು ಸೊಂಟಕ್ಕೆ ಬಿಗಿಪಟ್ಟಿ ಕಟ್ಟಿಕೊಂಡು, ಉಸಿರು ಹಿಡಿದು, ಪರಗಂಡಸಿನ ಹೆಗಲ ಮೇಲೆ ಕೈಯಿಟ್ಟು ವಾಲ್ಟ್ಜ್ ಕುಣಿಯಬೇಕು. ಕುಣಿತ ಕಲಿಸಲು ಮೇಷ್ಟ್ರು ಬೇಕಲ್ಲ? ಸಿಕ್ಕಿದವರು ಪಶುವೈದ್ಯ ಕಲಿಸಲು ಬಂದಿದ್ದ ಜರ್ಮನ್ ಪ್ರೊಫೆಸರ್. ಬೆಳಗ್ಗೆ ಕುದುರೆ ಕಾಲು, ಸಂಜೆ ಮಂತ್ರಿಗಳ ಕಾಲು.

ಬಿಳಿಯರು ಬಂದರು. ಉಂಡರು, ಕುಡಿದರು, ಕುಣಿದರು. ಫ್ರಾನ್ಸಿನ ಲೇಖಕ ಪಿಯರ್ ಲೋತಿ, ಈ ಕಟ್ಟಡ ನಮ್ಮೂರ ಕಡೆಯ ಜೂಜುಕಟ್ಟೆ ಇದ್ದ ಹಾಗಿದೆ ಅಂತ ಬರೆದ. ಇನ್ನೊಬ್ಬ ಫ್ರೆಂಚ್, ಚಿತ್ರಕಾರ ಜಾರ್ಜ್ ಬಿಗೋ, ಸೂಟು ಗೌನು ತೊಟ್ಟ ಜಪಾನಿ ಗಂಡ ಹೆಂಡತಿ ಕನ್ನಡಿ ನೋಡಿಕೊಳ್ಳುವ ಚಿತ್ರ ಬರೆದ. ಕನ್ನಡಿಯೊಳಗೆ ಎರಡು ಮಂಗ. ಊಟದ ಋಣ ಅಂದರೆ ಇದು.

1886ರ ಅಕ್ಟೋಬರಿನಲ್ಲಿ ನಾರ್ಮಂಟನ್ ಎಂಬ ಬ್ರಿಟಿಷ್ ಹಡಗು ಮುಳುಗಿತು. ಕ್ಯಾಪ್ಟನ್ನೂ ಬಿಳಿಯ ಸಿಬ್ಬಂದಿಯೂ ದೋಣಿ ಹತ್ತಿ ಬಚಾವಾದರು. ಜಪಾನಿ ಪ್ರಯಾಣಿಕರು 25 ಜನ. ಒಬ್ಬರೂ ಉಳಿಯಲಿಲ್ಲ. ದೋಣಿ ಹತ್ತಿ ಅಂದೆ, ಅವರಿಗೆ ಇಂಗ್ಲಿಷ್ ತಿಳಿಯಲಿಲ್ಲ ಎಂದ ಕ್ಯಾಪ್ಟನ್. ಬ್ರಿಟಿಷ್ ಕಾನ್ಸಲ್ ವಿಚಾರಣೆ ಮಾಡಿ ತಪ್ಪೇನಿಲ್ಲ ಅಂದ. ಜನ ರೊಚ್ಚಿಗೆದ್ದ ಮೇಲೆ ಮತ್ತೆ ವಿಚಾರಣೆ ನಡೆದು ಮೂರು ತಿಂಗಳ ಜೈಲಾಯಿತು.

ಆರು ತಿಂಗಳು ಕಳೆಯಿತು. 1887ರ ಏಪ್ರಿಲ್‌ನಲ್ಲಿ ಪ್ರಧಾನಿ ಇತೊ ಹಿರೊಬುಮಿ ಅವರ ಅಧಿಕೃತ ನಿವಾಸದಲ್ಲಿ ವೇಷದ ಕುಣಿತ. ಪ್ರಧಾನಿಗಳು ವೆನಿಸ್‌ನ ಶ್ರೀಮಂತನಾಗಿ ಬಂದರು. ಅದೇ ವರ್ಷ ಇನೊವೆ ಅವರ ಒಪ್ಪಂದದ ಕರಡು ಹೊರಬಿತ್ತು. ಜಪಾನಿನ ಕೋರ್ಟುಗಳಲ್ಲಿ ವಿದೇಶಿ ಜಡ್ಜುಗಳನ್ನು ಕೂರಿಸುವುದಂತೆ! ಗಲಾಟೆ ಎದ್ದಿತು, ಇನೊವೆ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಸರ್ಕಾರ, ಹಕ್ಕು ಕೊಡಿ, ಮಾತಾಡಲು ಬಿಡಿ ಎನ್ನುತ್ತಿದ್ದ ಸುಮಾರು 570 ಜನರನ್ನು ರಾಜಧಾನಿಯಿಂದ ಹೊರಗೆ ಹಾಕಿತು. ಕುಣಿಯಲು ಬರದವರು ಇರಬೇಕು.

ಜಪಾನ್ ಬರೀ ಕುಣಿದು ಕಾಲ ಕಳೆಯಿತು ಅಂತಲ್ಲ. ಶಾಲೆ, ರೈಲು, ಕಾರ್ಖಾನೆ ಎಲ್ಲ ಬಂದವು. 1898ರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಅಲ್ಲಿಗೆ ಹೋಗಿ ಮನಸ್ಸಿಗೆ ಹಚ್ಚಿಕೊಂಡು ಬಂದಿದ್ದು ಅವನ್ನೇ. ಬಿಳಿಯರ ಕಾನ್ಸಲ್ ಕೋರ್ಟುಗಳು ಹೋಗಿದ್ದು 1899ರಲ್ಲಿ. ಅಷ್ಟು ಹೊತ್ತಿಗೆ ರೊಕುಮೆಕಾನ್ ದೊಡ್ಡ ಮನೆತನದವರ ಕ್ಲಬ್ ಆಗಿತ್ತು.

ನನಗೆ ಇದರಲ್ಲೆಲ್ಲ ಜಾಸ್ತಿ ಇಷ್ಟವಾಗುವವನು ಒಬ್ಬ ಕಳ್ಳ. 1887ರಲ್ಲಿ ಇತೊ ಮತ್ತು ಅವರ ಕಡೆಯವರು ಕಡಲ ತೀರದ ಒಂದು ವಸತಿಗೃಹದಲ್ಲಿ ಕೂತು ಗುಟ್ಟಾಗಿ ಸಂವಿಧಾನ ಬರೆಯುತ್ತಿದ್ದರು. ಒಂದು ರಾತ್ರಿ ಕರಡು ಇದ್ದ ಚೀಲವೇ ಮಾಯ. ವಿರೋಧಿಗಳ ಕೈವಾಡ ಅಂತ ಎಲ್ಲರ ಎದೆ ಢವಢವ. ಆಮೇಲೆ ನೋಡಿದರೆ ಚೀಲ ಹತ್ತಿರದ ಹೊಲದಲ್ಲಿ ಬಿದ್ದಿತ್ತು. ದುಡ್ಡು ಹೋಗಿತ್ತು, ಸಂವಿಧಾನ ಹಾಗೇ ಇತ್ತು. ಆ ಕಾಗದವನ್ನು ಕೈಯಲ್ಲಿ ಹಿಡಿದ ಮೊದಲ ಸಾಮಾನ್ಯ ಪ್ರಜೆ ಅದನ್ನು ಹೊಲದಲ್ಲೇ ಬಿಟ್ಟು ಹೋಗಿದ್ದ.

1889ರ ಫೆಬ್ರವರಿ 11ಕ್ಕೆ ಸಂವಿಧಾನ ಹೊರಬಂತು. ಬೀದಿಬೀದಿಗೆ ತೋರಣ, ದೀಪ. ಇಡೀ ಊರು ಸಂಭ್ರಮದಲ್ಲಿದೆ, ಒಳಗೇನಿದೆ ಅಂತ ಒಬ್ಬನಿಗೂ ಗೊತ್ತಿಲ್ಲ ಎಂದು ಅಲ್ಲಿದ್ದ ಜರ್ಮನ್ ವೈದ್ಯ ಎರ್ವಿನ್ ಬೆಲ್ಜ್ ದಿನಚರಿಯಲ್ಲಿ ಬರೆದುಕೊಂಡರು. ಸಂವಿಧಾನದ ಘೋಷಣೆಗೆ ಜಪಾನಿಯಲ್ಲಿ 'ಕೆಂಪೋ ಹಪ್ಪು'. ಜನ ಕೇಳಿಸಿಕೊಂಡಿದ್ದು 'ಕೆಂಪು ನೋ ಹಪ್ಪಿ' ಅಂತ ಒಂದು ಕತೆ ಇದೆ. (ಕನ್ನಡದ ಕೆಂಪಲ್ಲ, ಅಲ್ಲಿ ಕೆಂಪು ಅಂದರೆ ರೇಷ್ಮೆ ಬಟ್ಟೆ.) ಚಕ್ರವರ್ತಿಗಳು ಎಲ್ಲರಿಗೂ ರೇಷ್ಮೆ ಅಂಗಿ ಹಂಚುತ್ತಾರೆ ಅಂದುಕೊಂಡರಂತೆ ಪಾಪ. ಮತ ಹಾಕುವ ಹಕ್ಕು ಸಿಕ್ಕಿದ್ದು 25 ವರ್ಷ ದಾಟಿದ, 15 ಯೆನ್ ನೇರ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ. ನೂರಕ್ಕೆ ಒಬ್ಬರಿಗೆ ಅನ್ನಿ.

ನಮ್ಮ ಗುಮಾಸ್ತ ಸಂಜೆ ಬರಿಗೈಯಲ್ಲಿ ಮನೆಗೆ ಬಂದ.

"ಅಂಗಿ ಎಲ್ರೀ?"

"ಅಂಗಿ ಅಲ್ವಂತೆ ಕಣೇ, ಅದೇನೋ ಕಾಗದ."

"ಮತ ಹಾಕೋದಾದ್ರೂ ಉಂಟಾ?"

"ನಮಗಲ್ಲ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೋಗ್ಲಿ ಬಿಡಿ. ಆ ಎರಡು ದಿನದ್ದಾದ್ರೂ ಒಮ್ಮೆ ಕೇಳಿ ನೋಡ್ರೀ."