ಸತ್ಯಾಂಶ: ಹೊಸ ಅಕ್ವೇರಿಯಂ ಮೀನು ಸುಸ್ತಾದರೆ ನೀರೆಲ್ಲ ಚೆಲ್ಲಬೇಕೇ?

‘ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ರೋಗ ಬಂದಿದೆ, ನೀರು ಪೂರ್ತಿ ಚೆಲ್ಲಿ, ಫಿಲ್ಟರ್ ತೊಳೆದು, ಒಂದು ಹಿಡಿ ಉಪ್ಪು ಹಾಕಿ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಹಾಗೆ ಮಾಡಿದರೆ ಉಳಿದ ಮೀನೂ ಹೋಗಬಹುದು.

ಮೊದಲ ತಿಂಗಳಲ್ಲಿ ಹೀಗಾಗುವುದಕ್ಕೆ ಸೋಂಕಿಗಿಂತ ಹೆಚ್ಚಾಗಿ ಅಮೋನಿಯಾ ಕಾರಣ. ಮೀನಿನ ಕಿವಿರು, ಹಿಕ್ಕೆ, ತಿನ್ನದೆ ಕೊಳೆತ ಆಹಾರ ಇವುಗಳಿಂದ ಅದು ನೀರಿಗೆ ಸೇರುತ್ತದೆ. ಅದನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಸ್ಪಂಜನ್ನು ನಲ್ಲಿಯಡಿ ಹಿಂಡಿದರೆ ಕಾವೇರಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ತೆಗೆಯಿರಿ, ಸಾಕು. ಉಪ್ಪು ಅಮೋನಿಯಾವನ್ನು ತೆಗೆಯುವುದಿಲ್ಲ.

ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ 0.25 ಪಿಪಿಎಂ (ಲೀಟರ್‌ಗೆ ಮಿಲಿಗ್ರಾಂ) ದಾಟಿದ್ದರೆ ದಿನಕ್ಕೆ ಕಾಲು ಭಾಗ ನೀರು ಬದಲಿಸಿ. 40 ಲೀಟರ್ ತೊಟ್ಟಿಗೆ 10 ಲೀಟರ್. ಹೊಸ ನೀರಿಗೆ ಮೊದಲೇ ಆಂಟಿ-ಕ್ಲೋರಿನ್ ಬೆರೆಸಿ. ಏರ್ ಪಂಪ್ ನಿಲ್ಲಿಸಬೇಡಿ. ಎರಡು ದಿನ ಆಹಾರ ಬಂದ್; ಮೀನು ಉಪವಾಸ ತಡೆಯುತ್ತದೆ, ಮನೆಯ ಮಕ್ಕಳು ತಡೆಯುವುದು ಕಷ್ಟ. ಬೋರ್‌ವೆಲ್ ನೀರು ಗಡಸು, ಹಾಗಾಗಿ ಅದಕ್ಕೂ ಕಾವೇರಿಗೂ ದಿಢೀರ್ ಅದಲುಬದಲು ಬೇಡ.

ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಎದ್ದಿದ್ದರೆ ಅದು ಇಕ್ ಎಂಬ ಪರಾವಲಂಬಿ. ಅದಕ್ಕೆ ಚಿಕಿತ್ಸೆ ಬೇಕೇ ಬೇಕು.