ಜೇಡಿಮಣ್ಣಿಗೆ ವಿನೆಗರ್ ಹಾಕಿದಾಗ ಬರುವ ನೊರೆ ಏನು?

ಜೇಡಿಮಣ್ಣಿಗೆ ವಿನೆಗರ್ ಬೆರೆಸಿ, ನೊರೆ ಬಂದರೆ ಮಣ್ಣು 'ಆಕ್ಟಿವೇಟ್' ಆಯ್ತು, ಇನ್ನು ಮೈಯಲ್ಲಿರೋ ವಿಷವನ್ನೆಲ್ಲ ಹೀರುತ್ತದೆ ಅನ್ನೋ ಮೆಸೇಜ್ ಆಗಾಗ ಸುತ್ತುತ್ತಿರುತ್ತದೆ. ನೊರೆ ನಿಜ. ಅದಕ್ಕೆ ಕೊಡುವ ಕಾರಣ ತಪ್ಪು.

ಮಣ್ಣಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ದರೆ ಆಮ್ಲ ತಾಗಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಏಳುತ್ತದೆ, ಅಷ್ಟೇ. ಮೊಟ್ಟೆ ಚಿಪ್ಪಿಗೆ ವಿನೆಗರ್ ಹಾಕಿ ನೋಡಿ, ಅದೇ ಗುಳ್ಳೆ. ಅಲ್ಲಿ ಜೇಡಿಮಣ್ಣೇ ಇಲ್ಲ ಅಲ್ವಾ?

ಹಾಗಂತ ಆಮ್ಲದಿಂದ ಮಣ್ಣು ಬದಲಾಗುವುದೇ ಸುಳ್ಳು ಅಂತಲ್ಲ, ಮೆಸೇಜ್ ನಂಬುವ ಹಾಗೆ ಕಾಣೋದೂ ಅದಕ್ಕೇ. ಎಣ್ಣೆಯ ಬಣ್ಣ ತಿಳಿ ಮಾಡುವ ಮಣ್ಣಿಗಾಗಿ ಕಾರ್ಖಾನೆಗಳಲ್ಲಿ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಸಲ್ಫ್ಯೂರಿಕ್ ಅಥವಾ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಬಿಸಿ ಮಾಡುತ್ತಾರೆ. ಅದರ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್, ಹಾಳೆಗಳ ಕಟ್ಟಿನಂತಿರುತ್ತದೆ. ಮೊದಲು ಹಾಳೆಗಳ ನಡುವಿನ ಕ್ಯಾಲ್ಸಿಯಂ, ಸೋಡಿಯಂ ಜಾಗಕ್ಕೆ ಹೈಡ್ರೋಜನ್ ಅಯಾನು ಬಂದು ಕೂರುತ್ತದೆ, ಆಮೇಲೆ ಹಾಳೆಯ ಒಳಪದರದ ಅಲ್ಯೂಮಿನಿಯಂ, ಮೆಗ್ನೀಸಿಯಂ, ಕಬ್ಬಿಣ ಕರಗುತ್ತಾ ಹೋಗಿ ಸಣ್ಣ ಸಣ್ಣ ರಂಧ್ರ ಬೀಳುತ್ತವೆ, ಹೀರುವ ಮೇಲ್ಮೈ ಜಾಸ್ತಿಯಾಗುತ್ತದೆ. ಅತಿಯಾದರೆ ಹರಳಿನ ರಚನೆಯೇ ಕುಸಿದು ಹೆಚ್ಚಾಗಿ ಕ್ರಮವಿಲ್ಲದ ಸಿಲಿಕಾ ಉಳಿಯುತ್ತದೆ. ಕೆಯೊಲಿನೈಟ್ ಎಂಬ ಇನ್ನೊಂದು ಜೇಡಿಮಣ್ಣಿನ ಖನಿಜ ಮಾತ್ರ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ವಿನೆಗರಿನಲ್ಲಿ ಇರುವುದು ಸುಮಾರು 5% ಅಸಿಟಿಕ್ ಆಮ್ಲ. ಬಿಸಿಯೂ ಇಲ್ಲದೆ ಕೆಲವೇ ನಿಮಿಷದಲ್ಲಿ ಅದು ಒಳಪದರವನ್ನು ಕರಗಿಸುವುದಿಲ್ಲ.

ಇಂಥ ಮೆಸೇಜ್ ಬಂದರೆ ಯಾವ ಆಮ್ಲ, ಎಷ್ಟು ಗಾಢ, ಎಷ್ಟು ಬಿಸಿ, ಎಷ್ಟು ಹೊತ್ತು ಅಂತ ಕೇಳಿ. 'ವಿಷ' ಅಂದರೆ ಯಾವ ವಸ್ತು ಅಂತ ಹೆಸರಿದೆಯಾ ನೋಡಿ. ರಚನೆ ಬದಲಾಯ್ತು ಅಂದರೆ ಎಕ್ಸ್-ರೇ ಡಿಫ್ರಾಕ್ಷನ್ (ಎಕ್ಸ್-ರೇ ಹಾಯಿಸಿ ಹರಳಿನ ರಚನೆ ತಿಳಿಯುವ) ಪರೀಕ್ಷೆ ಮಾಡಿದ್ದಾರಾ ಅಂತಲೂ ಕೇಳಬಹುದು, ಅದು ಬರಿಗಣ್ಣಿಗೆ ಕಾಣುವ ವಿಷಯವಲ್ಲ. ಗಾಢ ಆಮ್ಲ ತಂದು ಮನೆಯಲ್ಲಿ ಸುಮ್ನೆ ಪ್ರಯೋಗ ಮಾಡೋದು ಬೇಡ, ಚರ್ಮ ಸುಡುತ್ತದೆ.