ಕ್ಯಾಮೆರಾಕ್ಕೂ ಒಂದು ಪಹಣಿ ಕೊಡಿ ಸ್ವಾಮಿ

ಮತ್ತೊಂದು ಹೊಸ ಕ್ಯಾಮೆರಾ ಬಂದಿದೆಯಂತೆ. ಹೆಸರು ಓದಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರಿತ್ತು.

ಸುದ್ದಿ ಕಳಿಸಿದ್ದು ಅಕ್ಕನ ಮಗ. ಅವನಿಗೆ ದಾಂಡೇಲಿಯ ಮಂಗಟ್ಟೆ ಹಕ್ಕಿಯ ಫೋಟೊ ತೆಗೆಯುವ ಹುಚ್ಚು. ‘ಮಾವಾ, ನಂಬರ್ ದೊಡ್ಡದಿದ್ದರೆ ಕ್ಯಾಮೆರಾ ದೊಡ್ಡದಲ್ವಾ?’ ಅಂದ. ಅಲ್ಲ ಮಾರಾಯಾ, ಸಣ್ಣದು ಅಂದೆ. ‘ಹಾಗಾದರೆ ನಂಬರ್ ಸಣ್ಣದಿದ್ದರೆ ದೊಡ್ಡದು?’ ಅದೂ ಎಲ್ಲ ಕಡೆ ಅಲ್ಲ ಅಂದೆ. ಫೋನ್ ಇಟ್ಟ.

ಪಾಪ, ಅವನದೇನು ತಪ್ಪು? 2007ರಲ್ಲಿ ಬಂದ ಡಿ3 ನಿಕಾನ್ ಮನೆಯ ಯಜಮಾನ. ಎರಡು ವರ್ಷ ಬಿಟ್ಟು ಡಿ3000 ಬಂತು. ಸಾವಿರ ಪಟ್ಟು ಜಾಸ್ತಿ ಅಂದುಕೊಂಡಿರಾ? ಅದು ಆ ಮನೆಯ ಕಿರಿ ಮಗು. ಕ್ಯಾನನ್‌ನಲ್ಲೂ 5ಡಿ ಅಂದರೆ ಮದುವೆ ಮನೆಯ ದೊಡ್ಡ ಕ್ಯಾಮೆರಾ, 1500ಡಿ ಅಂದರೆ ಕಲಿಯುವವರದು. ಇದೇ ಲೆಕ್ಕ ಹಿಡಿದು ಅವರದೇ ಆರ್ ಸರಣಿಗೆ ಹೋದರೆ ಆರ್7ಕ್ಕೆ ಸಣ್ಣ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್), ಆರ್8ಕ್ಕೆ ಫುಲ್ ಫ್ರೇಮ್, ಅಂದರೆ ದೊಡ್ಡದು. ಆ 1500ಡಿ ಕೂಡ ಯುರೋಪಿನಲ್ಲಿ 2000ಡಿ, ಅಮೆರಿಕದಲ್ಲಿ ರೆಬೆಲ್ ಟಿ7, ಜಪಾನಿನಲ್ಲಿ ಕಿಸ್ ಎಕ್ಸ್90. ಹೌದು, ಮುತ್ತು ಕೊಡುವ ಕಿಸ್ಸೇ. ಹೆಣ್ಣು ಸಿಗದ ನಮ್ಮೂರ ಮಾಣಿಗೆ ಊರಿಗೊಂದು ಜಾತಕ ಮಾಡಿಸಿದ ಹಾಗೆ.

ಫ್ಯೂಜಿಯವರು ಇನ್ನೂ ರಸಿಕರು. 2011ರ ಎಕ್ಸ್100 ಆದ ಮೇಲೆ ಎರಡನೆಯದಕ್ಕೆ ಎಸ್, ಮೂರನೆಯದಕ್ಕೆ ಟಿ, ನಾಲ್ಕನೆಯದಕ್ಕೆ ಎಫ್ ಹಚ್ಚಿದರು. ಸೆಕೆಂಡ್, ಥರ್ಡ್, ಫೋರ್ತ್. ಐದನೆಯದಕ್ಕೆ ಮತ್ತೆ ಎಫ್ ಬರಬೇಕಲ್ಲ, ಪೇಚಾಟ! ಸೀದಾ ರೋಮಿಗೆ ಹೋಗಿ ಅಲ್ಲಿನ ಐದರ ಅಂಕಿ ‘ವಿ’ ತಂದರು. 2024ರಲ್ಲಿ ‘ವಿಐ’.

ಅಣ್ಣತಮ್ಮಂದಿರು ಹಿಸ್ಸೆಯಾದ ಶಿರಸಿ ಕಡೆಯ ತೋಟದ ಪಹಣಿ ನೋಡಿದ್ದೀರಲ್ಲ? ಸರ್ವೆ ನಂಬರಿನ ಬಾಲ ನೋಡಿದರೆ ಎಷ್ಟು ಸಲ ಜಗಳ ಆಗಿದೆ ಅಂತಾದರೂ ತಿಳಿಯುತ್ತದೆ. ಸೋನಿಯ ಐಎಲ್‌ಸಿಇ-7ಆರ್‌ಎಂ4ಎ ಯಾವ ಹಿಸ್ಸೆ? ಕೊನೆಯ ‘ಎ’ 2021ರಲ್ಲಿ ಸೇರಿದ್ದು. ಹಿಂದಿನ ಪರದೆ ಸ್ವಲ್ಪ ಚೆಂದ ಮಾಡಿದರು, ಅದರ ಕೆಳಗಿದ್ದ ಕಂಪನಿ ಹೆಸರು ತೆಗೆದರು. ಅಷ್ಟೇ.

ಇನ್ನು ‘ಒಂದು ಇಂಚಿನ ಸೆನ್ಸರ್’. ಅಳೆದರೆ ಅಗಲ 13.2 ಮಿ.ಮೀ., ಎತ್ತರ 8.8. ಮೂಲೆಯಿಂದ ಮೂಲೆಗೆ ಹಿಡಿದರೂ 16 ದಾಟುವುದಿಲ್ಲ. ಇಂಚು ಅಂದರೆ 25.4 ಅಲ್ವಾ? ಅದು ಹಳೇ ಟಿವಿ ಕ್ಯಾಮೆರಾದೊಳಗಿನ ಗಾಜಿನ ಕೊಳವೆಯ ಹೊರ ಅಳತೆ. ಕೊಳವೆ ಹೋಯಿತು, ಇಂಚು ಉಳಿಯಿತು. ಕಾರವಾರದ ಮೀನು ಪೇಟೆಯಲ್ಲಿ ಬುಟ್ಟಿ ಸಮೇತ ತೂಗಿ ಬಂಗಡೆ ಕೊಟ್ಟರೆ ಅಲ್ಲೇ ಜಗಳ ಆಗುತ್ತದೆ. ಇವರು ಬುಟ್ಟಿ ಎಸೆದ ಮೇಲೂ ಅದರ ತೂಕ ಹೇಳುತ್ತಿದ್ದಾರೆ.

ನಮ್ಮ ಅಡಿಕೆಗೂ ದರ್ಜೆ ಉಂಟು. ಹಣ್ಣಡಿಕೆ ಒಣಗಿಸಿ ಸುಲಿದರೆ ಚಾಲಿ, ಹಸಿಯದನ್ನು ಸುಲಿದು ಬೇಯಿಸಿ ಒಣಗಿಸಿದರೆ ರಾಶಿ. ಬೆಟ್ಟೆ, ಬಿಳೆಗೋಟು, ಎಲ್ಲಕ್ಕಿಂತ ಕೆಳಗೆ ಕೋಕಾ. ವ್ಯಾಪಾರಿ ಚೀಲಕ್ಕೆ ಕೈ ಹಾಕುತ್ತಾನೆ, ನಾಲ್ಕು ಅಡಿಕೆ ಅಂಗೈಯಲ್ಲಿ ಹೊರಳಿಸುತ್ತಾನೆ, ಒಂದನ್ನು ಅಡಕತ್ತರಿಯಲ್ಲಿ ಕಟ್ಟನೆ ಒಡೆದು ಒಳಗಿನ ಬಣ್ಣ ನೋಡುತ್ತಾನೆ. ಆಮೇಲೆ ದರ. ಕೋಕಾದ ಚೀಲಕ್ಕೆ ‘ರಾಶಿ 3000 ಮಾರ್ಕ್ 2’ ಅಂತ ಚೀಟಿ ಅಂಟಿಸಿ ತಂದವನನ್ನು ಸುಮ್ನೆ ಬಿಡುತ್ತಾರಾ?

ನಗು ಸಾಕು. ನಾನೂ ಹೀಗೇ ಬಿದ್ದವನು. ಎರಡಂಕಿಯದಕ್ಕಿಂತ ನಾಲ್ಕಂಕಿಯದು ಮೇಲು ಅಂತ ತಿಳಿದು ಅಡಿಕೆ ದುಡ್ಡು ಸುರಿದು ತಂದೆ. ಅಂಗಡಿಯವನಿಗೆ ಗೊತ್ತಿತ್ತು. ಹೇಳಲಿಲ್ಲ. ‘ನಂಬರ್ ನೋಡಿ ಸಾರ್’ ಅಂದ. ನೋಡಿದೆ. ಸಿಟ್ಟು ಈಗಲೂ ಇದೆ. ನಾಲ್ಕು ದೇಶದಲ್ಲಿ ನಾಲ್ಕು ಹೆಸರಿಡುವಷ್ಟು ಪುರುಸೊತ್ತಿದ್ದವರಿಗೆ ‘ಇದು ಕಲಿಯುವವರದು’ ಅಂತ ಡಬ್ಬದ ಮೇಲೆ ಒಂದು ಸಾಲು ಬರೆಯಲು ಆಗುವುದಿಲ್ಲವಾ? ಆಗುತ್ತದೆ. ಬರೆದರೆ ನನ್ನಂಥವರು ಸಿಗುವುದಿಲ್ಲ.

ಕಡೆಗೆ ಹುಡುಗ ಆ ನಾಲ್ಕಂಕಿಯದನ್ನೇ ಸದ್ಯಕ್ಕೆ ಕೊಡು ಅಂತ ಬಂದ. ಜೊತೆಗೆ ಬಂದ ಅಕ್ಕ ಅದನ್ನು ಅತ್ತಿತ್ತ ತಿರುಗಿಸಿ ನೋಡಿದಳು.

‘ಎಂತದೋ ಇದು? ರಾಶಿಯೋ, ಕೋಕಾವೋ?’

‘ಕೋಕಾ’ ಅಂದೆ.